ಹೋದ ಆನೆಯ ಲೆಕ್ಕ

ಮುಳ್ಳೇರಿಯದಲ್ಲಿ ಬಸ್ಸಿಳಿದಾಗಲೇ ಐತ್ತಪ್ಪಣ್ಣ
ನನ್ನ ಬೂಟು ನೋಡಿ ನಕ್ಕಿದ್ದರು.
ಈಗ ಕಾರಡ್ಕದ ಕಾಡಿನೊಳಗೆ
ಮೊಣಕಾಲೂರಿ ಎಲೆ ಸರಿಸುತ್ತಿದ್ದೇನೆ,
ಬೂಟಿನೊಳಗೆ ಮೂರು ಉಂಬುಳ.

ಬಿದ್ದ ಧೂಪದ ಮರದ ಬೆನ್ನಿಗೆ ಕಿವಿಗಳು ಮೂಡಿವೆ,
ಕಂದು, ತಣ್ಣಗೆ, ಹಿಂಡಿದರೆ ನೀರು.
ಪಕ್ಕದಲ್ಲಿ ಹಳದಿ ಲೋಳೆ,
ಯಾರೋ ಮೊಟ್ಟೆ ಒಡೆದು ಮರೆತು ಹೋದ ಹಾಗೆ.
ಸಫೂರ ಪುಸ್ತಕ ತಿರುವುತ್ತಾಳೆ. ಒದ್ದೆಯಾಗಿ
ಅಂಟಿಕೊಂಡ ಪುಟದಲ್ಲೇ ಇದೆಯಂತೆ ಅದರ ಹೆಸರು.

‘ತಿನ್ನಲಿಕ್ಕುಂಟಾ ಈ ಕಿವಿ?’
‘ನಮ್ಮ ಅಜ್ಜಿ ತಿನ್ನಲಿಲ್ಲ. ಹಾಗೆ ನಾನೂ ಕೇಳಲಿಲ್ಲ.’

ತಿರುವಿನಲ್ಲಿ ಲದ್ದಿ.
ಮೂರು ಗುಡ್ಡೆ, ದಾರಿಯ ನಡುವೆಯೇ.
ಮಾತು ನಿಂತಿತು. ಮಳೆಯೂ ನಿಂತಿತ್ತೇನೋ,
ಎಲೆಗಳಿಂದ ಮಾತ್ರ ತೊಟ್ಟು, ತೊಟ್ಟು.
ಐತ್ತಪ್ಪಣ್ಣ ಮುಟ್ಟಲಿಲ್ಲ, ಮೂಸಲಿಲ್ಲ,
ಬಗ್ಗಿ ನೋಡಿದರು ಅಷ್ಟೆ:
ಲದ್ದಿಯ ನೆತ್ತಿಯ ಮೇಲೆ
ಕೂದಲೆಳೆಯ ಕಾಲೂರಿ ನಿಂತ
ಬೂದು ಕೊಡೆಗಳು, ನಲವತ್ತೋ ಐವತ್ತೋ,
ಒಂದೊಂದೂ ಸಾಸಿವೆಗಿಂತ ಚೂರು ದೊಡ್ಡದು.

‘ಹೋಗಿ ವಾರ ಆಯ್ತು,’ ಎಂದರು.
‘ಇವು ಏಳಬೇಕಾದರೆ ಅಷ್ಟು ದಿನ ಬೇಕು.’

ಸಫೂರ ಹಿಡಿದಿದ್ದ ಉಸಿರು ಬಿಟ್ಟಳು.
ಒಂದು ಕೊಡೆ ಮಗುಚಿತು.

ನಾನು ಭೂತಕನ್ನಡಿ ತೆಗೆದು
ಅರ್ಧ ಗಂಟೆ ಲದ್ದಿಯ ಮುಂದೆ ಕುಳಿತೆ.
ಶಾಲೆಯ ಮಕ್ಕಳು ನೋಡಬೇಕಿತ್ತು ನನ್ನನ್ನು.

ಮತ್ತೆ ಹಿಡಿಯಿತು ಮಳೆ, ಗುಡ್ಡದ ಆಚೆಯಿಂದ
ಓಡಿ ಬಂದ ಸದ್ದು.
ಕೊಡೆಯ ಗುಂಡಿಗೆ ಬೆರಳಿಟ್ಟೆ.
ಐತ್ತಪ್ಪಣ್ಣ ನನ್ನ ಕೈ ಹಿಡಿದರು:
‘ಬೇಡ ಟೀಚರೇ, ಟಪ್ಪೆಂದು ಕೇಳ್ತದೆ.
ಅದು ಹೋದ ಆನೆಯ ಲೆಕ್ಕ.’