ಬಿಲ್ಲೆ ಸೆಲ್ಲು

ಬಂದ್ಯೋಡಿನ ಸಹಕಾರಿ ಬ್ಯಾಂಕಿನ ಹಿಂದಿನ ಕೋಣೆಯಲ್ಲಿ
ಮೂರು ಸಾಫ್ಟ್‌ವೇರು ಹಾಕಿ ನೋಡಿದೆ.
ಬೈಂಡ್ ದೊಡ್ಡ ಸಂಸಾರ, ಅದರ ಅರ್ಧ ಪಾತ್ರೆ ನಮಗೆ ಬೇಡ.
ನಾಟ್ ಚುರುಕು; ಅದರ ಗಂಟು ನನ್ನ ಬೆರಳಿಗೆ ಬಿಚ್ಚಲಿಲ್ಲ.
ಅನ್‌ಬೌಂಡ್ ಉಳಿಯಿತು. ಅದಕ್ಕೆ ಇಷ್ಟೇ ಕೆಲಸ:
ಹೆಸರು ಹೇಳಿದರೆ ವಿಳಾಸ ತರುವುದು,
ತಂದದ್ದರ ಸಹಿಯನ್ನು ಬೇರಿನವರೆಗೂ ಒರೆಗೆ ಹಚ್ಚುವುದು,
ಹೊಂದದಿದ್ದರೆ ಬಾಯಿ ಮುಚ್ಚುವುದು.

ಸೋಮವಾರ, ರಾತ್ರಿಯಿಡೀ ಕರೆಂಟಿಲ್ಲದೆ ಎದ್ದ ಯಂತ್ರ
ಒಂದು ಹೆಸರನ್ನೂ ನಂಬಲಿಲ್ಲ.
ಪಿಂಚಣಿಯ ಸಾಲು ಮೆಟ್ಟಿಲಿಳಿದು ರಸ್ತೆ ಮುಟ್ಟಿತು.
"ಆ ತಪಾಸಣೆ ತೆಗೆದುಬಿಡು ಮಾರಾಯ್ತಿ,"
ಎಂದರು ಕಾರ್ಯದರ್ಶಿ ಐತಪ್ಪಣ್ಣ.
ಒಂದು ಗೆರೆ ಅಳಿಸಿದರೆ ಸಾಕಿತ್ತು. ಬೆರಳು ಅಲ್ಲೇ ಇತ್ತು.

ಆಗ ಕಂಡೆ, ಮೂಲೆಯಲ್ಲಿ ತಾರೀಖು:
ಎರಡು ಸಾವಿರದ ಜನವರಿ ಒಂದು.
ಇನ್ನೂ ಹಾಕಿಯೇ ಇಲ್ಲದ ಸಹಿಗಳನ್ನು
ಪಾಪ, ಅದು ಹೇಗೆ ನಂಬೀತು?

ವಾಚು ರಿಪೇರಿಯ ಅಂದುಂಞಿ
ಕಣ್ಣಿನ ಗಾಜು ತೆಗೆಯದೆಯೇ ಕೊಟ್ಟರು
ಮೂವತ್ತು ರೂಪಾಯಿಯ ಬಿಲ್ಲೆ ಸೆಲ್ಲು.
"ಯಾವ ವಾಚಿಗೆ?"
ನಾನು ಉತ್ತರ ಹುಡುಕುವಷ್ಟರಲ್ಲಿ ಎದುರಿಗೆ ಬಸ್ಸು,
ಹಣೆಯಲ್ಲಿ ಮಂಜೇಶ್ವರಂ ಎಂದು ಬರೆದುಕೊಂಡು,
ಬಾಗಿಲಲ್ಲಿ ಮಂಜೇಶ್ವರಾ ಎಂದು ಕೂಗುತ್ತ,
ಹೊರಟಿತು.
ಹತ್ತಿದವರು ಯಾರೂ ಸಹಿ ಕೇಳಲಿಲ್ಲ.