ಹೊಳೆಯಾಚೆಯ ರೊಕ್ಕ

ಗಂಗಾವತಿ ಕಾಲೇಜಿನ ಮೇಲಂತಸ್ತಿನಲ್ಲಿ
ಬಿಕಾಂ ಮಕ್ಕಳಿಗೆ ವಿದೇಶಿ ವಿನಿಮಯದ ಮೀಸಲು ಹೇಳುವಾಗ
ಯಾವುದೋ ಸಣ್ಣ ದೇಶದ ಗೆರೆ ಎಳೆಯುತ್ತೇನೆ ಹಲಗೆಯ ಮೇಲೆ:
ಏರಿ, ಜಾರಿ, ಮತ್ತೆ ಏರಿ, ನೆಲ ಕಚ್ಚಿ.
ದೇಶದ ಹೆಸರು ಹೇಳುವುದಿಲ್ಲ.
ಅದು ನನ್ನ ಮುತ್ತಜ್ಜಿಯ ಎಲೆಯಡಿಕೆ ಡಬ್ಬಿ.

ಚಿಕ್ಕಜಂತಕಲ್ಲಿನ ಸೂಲಗಿತ್ತಿ ಹುಲಿಗೆವ್ವ.
ಈ ದಂಡೆ ನಿಜಾಮನದು; ಹಾಲಿ ರೂಪಾಯಿ, ಮೇಲೆ ನಾಲ್ಕು ಮಿನಾರು.
ಆ ದಂಡೆ ಕಂಪ್ಲಿ, ಇಂಗ್ಲಿಷರದು; ಕಲ್ದಾರ, ಮೇಲೆ ಬೋಳುತಲೆ ದೊರೆ.
ನಡುವೆ ತುಂಗಭದ್ರೆ, ಯಾರ ಮುದ್ರೆಯೂ ಇಲ್ಲದೆ.

ಬೇನೆ ಎರಡೂ ದಂಡೆಗೆ ಒಂದೇ,
ಹೊಕ್ಕುಳಬಳ್ಳಿ ಕೊಯ್ಯುವ ಕುಡಗೋಲು ಒಂದೇ.
ಕೂಲಿ ಮಾತ್ರ ಬೇರೆ ಬೇರೆ.
ಹಾಲಿ ಸೊಂಟದ ಸಂಚಿಗೆ, ಬಂದ ಹಾಗೇ ಜೋಳಕ್ಕೆ ಹೋಗುತ್ತಿತ್ತು.
ಕಲ್ದಾರ ಡಬ್ಬಿಗೆ, ಎಲೆಯ ಕೆಳಗೆ, ಸುಣ್ಣದ ಕೆಳಗೆ,
ಕರೋಡಗಿರಿ ನಾಕಾದವನ ಬೆರಳು ಹೇಸುವಷ್ಟು ಕೆಳಗೆ.
"ಏಳು ಹಾಲಿಗೆ ಆರು ಕೊಡ್ತಾರ ಸರಾಫರು," ಅನ್ನುತ್ತಿದ್ದಳಂತೆ,
"ಒಂದು ಎಲ್ಲಿ ಹೋತೋ ಅಂದ್ರ, ಹೊಳಿ ನುಂಗ್ತು ಅಂತಾರ."

ಅಕ್ಷರ ಬಾರದು. ಲೆಕ್ಕವೆಲ್ಲ ನಡುಮನೆಯ ತೊಲೆಯ ಮೇಲೆ:
ಕಲ್ದಾರಕ್ಕೊಂದು ಸುಣ್ಣದ ಬೊಟ್ಟು,
ಖರ್ಚಾದರೆ ಬೊಟ್ಟಿನ ಮೇಲೆ ಮಸಿ.
ವರ್ಷಗಳಿಗೆ ಅಂಕಿ ಇಲ್ಲ, ಹೆಸರಿದೆ.
ಪ್ಲೇಗಿನ ವರ್ಷ, ಎರಡು.
ಕಂಪ್ಲಿ ಗಾಣದ ಸಾಹುಕಾರನಿಗೆ ಅವಳಿ ಹುಟ್ಟಿದ ವರ್ಷ, ಒಂಬತ್ತು.
ಹೊಳೆ ಹನುಮಪ್ಪನ ಕಟ್ಟೆ ಹತ್ತಿದ ವರ್ಷ, ಏಳು.
ಕಂಟ್ರೋಲು ಬಂದು ಸೀಮೆಎಣ್ಣೆ
ಔಷಧಿಯ ಹಾಗೆ ಚಮಚೆಯಲ್ಲಿ ಅಳೆದ ವರ್ಷ, ಹದಿನಾಲ್ಕು.
ಆ ಎತ್ತರವನ್ನು ಡಬ್ಬಿ ಮತ್ತೆ ಮುಟ್ಟಲಿಲ್ಲ.

ಎಷ್ಟು ತಿಂಗಳ ಆಮದಿಗೆ ಸಾಕು? ಪಠ್ಯಪುಸ್ತಕದ ಪ್ರಶ್ನೆ.
ಅವಳ ಆಮದು: ಬಾಣಂತಿಯರಿಗೆ ಕಂಪ್ಲಿ ಬೆಲ್ಲ,
ಚಳಿಜ್ವರಕ್ಕೆ ಹೊಸಪೇಟೆ ಆಸ್ಪತ್ರೆಯ ಕ್ವಿನೈನು,
ಒಂದು ಸಲ, ಒಂದೇ ಸಲ, ತನಗೊಂದು ಡಜನ್ ಹಸಿರು ಬಳೆ.
ಆ ಬೊಟ್ಟಿಗೆ ಮಸಿ ಹಚ್ಚಲಿಲ್ಲ.
ತೊಲೆಯ ಲೆಕ್ಕ ಇವತ್ತಿಗೂ ಒಂದು ರೂಪಾಯಿ ಸುಳ್ಳು.
ಇಂಥದ್ದಕ್ಕೆ ನಮ್ಮ ಪುಸ್ತಕದಲ್ಲೊಂದು ಸಾಲಿದೆ:
ತಪ್ಪಿದ್ದು ಮತ್ತು ಬಿಟ್ಟುಹೋದದ್ದು.

ಫಸಲಿ ಸಾವಿರದ ಮುನ್ನೂರ ಐವತ್ತೇಳು.
ಇದಕ್ಕೆ ಮಾತ್ರ ಅಂಕಿ; ಆಮೇಲೆ ಅಜ್ಜ ಇದ್ದಿಲಿನಲ್ಲಿ ಗೀಚಿದ್ದು.
ರಾತ್ರಿ ದೂರದ ಊರು ಉರಿಯುವುದು ಮಾಳಿಗೆಯಿಂದ ಕಾಣುತ್ತಿತ್ತು.
ಹರಿಗೋಲಿನವರು ಹಾಲಿ ಮುಟ್ಟಲಿಲ್ಲ.
"ನಾಳೆ ಇದು ಯಾರ ರೊಕ್ಕ ಆಗ್ತೈತೋ ಯಾರಿಗೊತ್ತು."
ಡಬ್ಬಿ ತೆರೆದಳು.
ದಿನ ತುಂಬಿದವರು ಮೂವರು, ಪಿಂಜಾರರ ಹುಸೇನ್‌ಬಿ ಸಹಿತ,
ಅವರವರ ಅತ್ತೆಯರು, ಬಿಟ್ಟುಬರಲೊಲ್ಲದ ಒಂದು ಮೇಕೆ.
ತಲೆಗೊಂದು ಕಲ್ದಾರ. ಮೇಕೆಗೂ.

ನಡುಹೊಳೆಯಲ್ಲಿ ಹರಿಗೋಲು ಗಿರ್ರನೆ ತಿರುಗುವಾಗ
ಹುಸೇನ್‌ಬಿಗೆ ಹೆಣ್ಣು ಕೂಸು.
ದಂಡೆಯ ಶಿಬಿರದ ಗುಮಾಸ್ತ ಕೇಳಿದ, ಎಲ್ಲಿ ಹುಟ್ಟಿತು?
"ಬರ್ಕೊ, ನೀರಾಗ."
ಅವನು ಕಂಪ್ಲಿ ಎಂದು ಬರೆದುಕೊಂಡ.

ತೊಲೆಯಲ್ಲಿ ಆ ಸಾಲಿಗೆ ಬೊಟ್ಟುಬೊಟ್ಟಿಗೂ ಮಸಿ ಇಲ್ಲ.
ಅಂಗೈಯಿಂದ ಒಮ್ಮೆಲೇ ಬಳಿದದ್ದು. ಐದು ಬೆರಳೂ ಕಾಣುತ್ತವೆ.

ಆಮೇಲೆ ಎರಡೂ ದಂಡೆಗೆ ಒಂದೇ ರೂಪಾಯಿ.
ನಾಕಾ ಬಿತ್ತು, ಸೇತುವೆ ಎದ್ದಿತು.
ಹನ್ನೆರಡು ವರ್ಷದ ಮೇಲೆ ಹುಸೇನ್‌ಬಿ ಬಂದು
ತೀರಿಸಿದಳಂತೆ ಸಾಲ: ಅದೇ ಬೋಳುತಲೆಯ ಒಂದು ಕಲ್ದಾರ,
ಎಲ್ಲಿಯೂ ನಡೆಯದ್ದು.
ಹುಲಿಗೆವ್ವ ತಕ್ಕೊಂಡಳು. ತೊಲೆ ಹತ್ತಿ ಬೊಟ್ಟಿಟ್ಟಳು.

ಹೋದ ವಾರ ಅಕ್ಕಸಾಲಿ ಕಾಳಪ್ಪ
ಡಬ್ಬಿಯಲ್ಲುಳಿದ ಎರಡನ್ನೂ, ಹಾಲಿ ಒಂದು, ಕಲ್ದಾರ ಒಂದು,
ಒರೆಗೆ ತಿಕ್ಕಿ, ತೂಗಿ, ಕ್ಯಾಲ್ಕುಲೇಟರ್ ಒತ್ತಿದ.
ಬರೀ ಬೆಳ್ಳಿಯ ಲೆಕ್ಕ ಹಿಡಿದರೂ, ಮೇಡಂ,
ಇವು ಏಳಾದರೆ ಅವು ಆರು.
ಕೊಡ್ತೀರೇನು?

ಕಂಪ್ಲಿ ಬಸ್ಸು ಹೊರಟಿತ್ತು, ಓಡಿ ಹತ್ತಿದೆ.
ಕಂಡಕ್ಟರ್ ಆಧಾರ್ ನೋಡಿ
ಸೊನ್ನೆ ರೂಪಾಯಿಯ ಚೀಟಿ ಹರಿದುಕೊಟ್ಟ.
ಸೇತುವೆ ದಾಟಲು ಎರಡು ನಿಮಿಷವೂ ಹಿಡಿಯಲಿಲ್ಲ.
ತೊಡೆಯ ಮೇಲೆ ಡಬ್ಬಿ, ಗುಂಡಿ ಬಂದಾಗಲೆಲ್ಲ
ಒಳಗಿನವೆರಡೂ ಒಂದಕ್ಕೊಂದು ತಾಕಿ.