ಹನ್ನೆರಡು ಸೆಕೆಂಡಿನ ಬೂತಾಯಿ

ಮಲ್ಪೆಯ ಐಸ್ ಪ್ಲಾಂಟಿನ ಮಾಳಿಗೆಯಲ್ಲಿ
ನನ್ನ ಬಾಡಿಗೆ ಕೋಣೆ.
ಕೆಳಗೆ ಮಂಜುಗಡ್ಡೆ ಪುಡಿಯಾಗುವ ಗರಗರ,
ಮೇಲೆ ನನ್ನ ಕಂಪ್ಯೂಟರಿನ ಬಿಸಿಯುಸಿರು.
ನಡುವಿನ ಸಿಮೆಂಟಿಗೆ
ಇದು ಯಾವ ಕಾಲವೆಂದೇ ತಿಳಿಯದು.

ಮೀನೆಣ್ಣೆ ಮಿಲ್ಲಿನವರು ಕೇಳಿದ್ದು ಹನ್ನೆರಡು ಸೆಕೆಂಡು:
ಸಂಜೆಗಡಲು, ಬೂತಾಯಿಯ ಹಿಂಡೊಂದು
ಬಲಕ್ಕೆ ಹೊರಳಬೇಕು,
ಹೊರಳುವಾಗ ಒಮ್ಮೆ ಬೆಳ್ಳಗೆ ಮಿಂಚಬೇಕು.
ಅಷ್ಟೇ.
ಸೋಮವಾರ ಹತ್ತು ಗಂಟೆಗೆ.

ನಲವತ್ತು ಸಾವಿರ ಕಣ ಬಿತ್ತಿದೆ,
ಕಣಕಣಕ್ಕೂ ಇಡೀ ಮೀನು ತೊಡಿಸಿದೆ:
ಕಿವಿರು, ರೆಪ್ಪೆಯಿಲ್ಲದ ಕಣ್ಣು, ಸಾಲು ಸಾಲು ಹುರುಪೆ,
ಗಾಜಿನಂಥ ರೆಕ್ಕೆ.
ಒಂದು ಚಿತ್ರಕ್ಕೆ ಹತ್ತೊಂಬತ್ತು ನಿಮಿಷ.
ಇಂಥವು ಮುನ್ನೂರು.
ಬೆರಳು ಮಡಚಿದೆ. ನಾಲ್ಕು ದಿನಕ್ಕೆ ಒಂದೇ ಗಂಟೆ ಕಡಿಮೆ.
ಆಗ ಶುಕ್ರವಾರ ರಾತ್ರಿ ಒಂಬತ್ತು.

ಪರದೆಯ ಬುಡದಲ್ಲಿ ಹಸಿರು ಪಟ್ಟಿ
ಮೊಟ್ಟೆ ಹೊತ್ತ ಏಡಿಯ ಹಾಗೆ ಸರಿಯುತ್ತಿತ್ತು.
ಎರಡೂವರೆಗೆ ಕರೆಂಟು ಹೋಯಿತು.
ಯುಪಿಎಸ್ ಮೂರು ಸಲ ಕೂಗಿ ಸುಮ್ಮನಾಯಿತು.
ಹದಿನೆಂಟನೆಯ ಚಿತ್ರ: ಅರ್ಧ ಮೀನು, ಅರ್ಧ ಕತ್ತಲೆ.

ಟಾರ್ಚು ಹಿಡಿದು ಮೇಲೆ ಬಂದವರು ಲೋಕನಾಥಣ್ಣ,
ಒಂದು ಕಾಲಕ್ಕೆ ದೋಣಿಯ ತಾಂಡೇಲ, ಈಗ ಪ್ಲಾಂಟಿನ ರಾತ್ರಿ ಕಾವಲು.
ಕರೆಂಟು ಬಂದ ಮೇಲೂ ಹೋಗಲಿಲ್ಲ,
ಬಗ್ಗಿ ನನ್ನ ಮೀನುಗಳನ್ನು ನೋಡಿದರು.
"ಇಷ್ಟಕ್ಕೂ ಕಣ್ಣು ಬರೆದಿದ್ದೀಯಾ ಮಾರಾಯ್ತಿ?
ದೂರದ್ದಕ್ಕೆ ಎಂತಕ್ಕೆ?
ನಮಗೆ ಕಡಲಲ್ಲಿ ಕಾಣುವುದು ನೀರಿನ ಬಣ್ಣ.
ಒಂದು ಕಡೆ ಕಪ್ಪು ಕಟ್ಟಿರ್ತದೆ, ಮೇಲೆ ನಾಲ್ಕು ಹಕ್ಕಿ.
ಅದು ಮೀನು ಆಗುವುದು ಬಲೆ ಎಳೆದ ಮೇಲೆ."
ಹೇಳಿ, ಬೀಡಿ ಹಚ್ಚಲು ಕೆಳಗಿಳಿದರು.

ನಾನು ಗಂಟು ಬಿಚ್ಚಲು ಕೂತೆ.
ಕ್ಯಾಮೆರಾಕ್ಕೆ ಹತ್ತಿರದ ಇನ್ನೂರಕ್ಕೆ ಮಾತ್ರ ಕಣ್ಣು.
ಅದರಾಚೆ ಒಂದೊಂದು ಬೆಳ್ಳಿ ಎಲೆ.
ಅದಕ್ಕೂ ಆಚೆ, ಬರೇ ಹೊಳಪಿನ ಒಂದು ಒರೆಸು.
ಚೌಕಟ್ಟು ದಾಟಿದವು ಗೋಡೆಯ ಹೊರಗೆ
ಯಾರಿಗೂ ಕಾಣದೆ ಈಜುತ್ತಲೇ ಇದ್ದವು, ನನ್ನ ರಾತ್ರಿಯನ್ನು ತಿನ್ನುತ್ತ;
ಅವುಗಳ ಆಯುಸ್ಸನ್ನು ಅಂಚಿಗೆ ಸರಿಯಾಗಿ ಕತ್ತರಿಸಿದೆ.
ಗಾಜಿನ ರೆಕ್ಕೆ ಒಂದರ ಹಿಂದೊಂದು ನಲವತ್ತು,
ಬೆಳಕು ಪ್ರತಿಯೊಂದರ ಬಾಗಿಲು ತಟ್ಟಿಯೇ ಒಳಗೆ ಹೋಗಬೇಕು, ಪಾಪ.
ಗಾಜು ತೆಗೆದು ತಗಡು ಹಾಕಿದೆ.
ಈಜಿನ ಲೆಕ್ಕವನ್ನು ಒಮ್ಮೆ ಮಾಡಿ ಡಿಸ್ಕಿನಲ್ಲಿ ಬರೆದಿಟ್ಟೆ,
ಪ್ರತಿ ಸಲ ಮೊಟ್ಟೆಯಿಂದಲೇ ಹುಟ್ಟಿಬರುವುದು ಬೇಡವೆಂದು.

ನಲವತ್ತು ಸೆಕೆಂಡು.
ನಂಬದೆ ಇನ್ನೊಂದು ಚಿತ್ರ ಹಾಕಿದೆ.
ಮೂವತ್ತೆಂಟು.

ಆಮೇಲೆ ನೆನಪಾಯಿತು: ಒಂದು ಮೀನಿಗೆ ನಾನು
ಬಾಲದ ತುದಿ ಹರಿದಿಟ್ಟಿದ್ದೆ.
ಕಾರಣವೇನೂ ಇರಲಿಲ್ಲ, ಕೈ ಹೋಯಿತು, ಹರಿದೆ.
ಅದೀಗ ಹಿಂಡಿನ ನಡುವೆ ಎಲ್ಲೋ ಒರೆಸಿನಲ್ಲಿ ಸೇರಿತ್ತು.
ಹುಡುಕಿದೆ. ಕಣ ಸಂಖ್ಯೆ ಮೂವತ್ತೊಂದು ಸಾವಿರದ ಏಳು.
ಇದೊಂದಕ್ಕೆ, ಎಷ್ಟೇ ದೂರವಿರಲಿ,
ಎಲ್ಲವನ್ನೂ ಉಳಿಸು ಎಂದು ಬರೆದೆ.
ಎರಡು ಸೆಕೆಂಡು ಹೆಚ್ಚಾಯಿತು. ಆಗಲಿ.

ಏಳೂವರೆಗೆ ಮುಗಿಯಿತು.
ಕಾಯುವುದಕ್ಕೆಂದು ತಂದಿಟ್ಟ ಫ್ಲಾಸ್ಕಿನಲ್ಲಿ ಚಾ ಹಾಗೇ ಇತ್ತು.
ಮಿಲ್ಲಿನ ಯಜಮಾನರು ಮೊಬೈಲಿನಲ್ಲೇ ನೋಡಿ ಬರೆದರು:
ಚೆಂದ ಬಂದಿದೆ, ಎಣ್ಣೆಯ ಡಬ್ಬಿ ಸ್ವಲ್ಪ ದೊಡ್ಡದಿರಲಿ.

ಕೆಳಗೆ ದಕ್ಕೆಗೆ ದೋಣಿ ಬಂದಿತ್ತು.
ಬೇಬಿಯಕ್ಕ ನೂರು ರೂಪಾಯಿಗೆ ಎಣಿಸಿ ಕೊಟ್ಟ
ಇಪ್ಪತ್ತೆರಡಕ್ಕೂ ಕಣ್ಣಿತ್ತು.
ದೂರದ ಬುಟ್ಟಿಯವಕ್ಕೂ ಇದ್ದಿರಬೇಕು,
ಹೋಗಿ ನೋಡಲಿಲ್ಲ.

ಸಂಜೆ ಡಬ್ಬಿ ದೊಡ್ಡದು ಮಾಡಲು ಕೂತಾಗ
ಎಂಟರ್ ಗುಂಡಿಯ ಮೇಲೆ ಒಂದು ಹುರುಪೆ ಒಣಗಿ ಅಂಟಿತ್ತು.
ಉಗುರಿನಿಂದ ಕೆರೆದೆ,
ಬೆರಳಿಗೆ ಬಂತು.